ಬರಲಾರದವರೂ ಬರಲೊಲ್ಲದವರೂ

ನಮ್ಮ ಕನ್ನಡದಲ್ಲಿ ಒಂದು ಸೊಗಸುಂಟು. ಕರೆದಲ್ಲಿಗೆ ಹೋಗದವನು ತನ್ನ ಸ್ಥಿತಿಯನ್ನು ಎರಡು ಬಗೆಯಾಗಿ ತಿಳಿಸಬಹುದು. 'ಬರಲಾರೆ' ಎಂದರೆ ಅವನಿಗೆ ಶಕ್ತಿಯಿಲ್ಲ; 'ಬರಲೊಲ್ಲೆ' ಎಂದರೆ ಇಷ್ಟವಿಲ್ಲ. ಎರಡರಲ್ಲಿಯೂ ಮನುಷ್ಯನು ಬಾರದಿರುವುದು ನಿಜ; ಆದರೆ ಎರಡಕ್ಕೂ ಒಂದೇ ಉತ್ತರವನ್ನು ಕೊಡುವುದು ನ್ಯಾಯವಲ್ಲ. ಮನೆಯಲ್ಲಿ ಮುಸುರೆ ತಿಕ್ಕುವವಳು ಒಂದು ದಿನ ಬಾರದೆ ಹೋದರೆ ವಿವೇಕಿಯಾದ ಗೃಹಿಣಿಯು ಮೊದಲು ವಿಚಾರಿಸುವುದು ಇದನ್ನೇ: ಜ್ವರ ಬಂದಿದೆಯೇ, ಮಗುವಿಗೆ ಮೈ ಸರಿಯಿಲ್ಲವೇ, ಅಥವಾ ಬೇರೆ ಮನೆಯನ್ನು ನೋಡಿಕೊಂಡಳೇ ಎಂದು. ಅಡುಗೆಯ ಮನೆಯಲ್ಲಿ ಇಷ್ಟು ಸುಲಭವಾಗಿ ತಿಳಿಯುವ ಈ ಭೇದವು ದೊಡ್ಡ ಸಂಸ್ಥೆಗಳ ಹಾಜರಿ ಪುಸ್ತಕದಲ್ಲಿ ಮಾತ್ರ ಕಾಣದು. ಅಲ್ಲಿರುವುದು ಒಂದೇ ಗುರುತು. ಅದರ ಹೆಸರು ಗೈರುಹಾಜರಿ.

ಈ ಭೇದವನ್ನು ನಾವು ಈ ಸಲ ಆಸ್ಪತ್ರೆಯ ವೈದ್ಯರ ವಿಷಯದಲ್ಲಿ ಪರಿಶೀಲಿಸಬೇಕೆಂದಿದ್ದೇವೆ. ಸಂಬಳದ ಮಾತಿನಲ್ಲಿ ಜಗಳ ಹುಟ್ಟಿ, ಶಸ್ತ್ರವೈದ್ಯರೂ ಅವರ ಸಹಾಯಕರೂ ಅಮಾನತಿಗೋ ವಜಾಕ್ಕೋ ಗುರಿಯಾಗಿ, ಆಮೇಲೆ ತಮ್ಮನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಕೇಳುವ ಪ್ರಸಂಗಗಳು ಅನೇಕ ದೇಶಗಳಲ್ಲಿ ನಡೆದಿವೆ. ಇತರ ಕೆಲಸಗಾರರ ಜಗಳದಲ್ಲಿ ಎರಡು ಪಕ್ಷಗಳಿದ್ದರೆ ಇದರಲ್ಲಿ ಮೂರಿರುತ್ತವೆ. ಕೊಡುವ ಧಣಿ ಒಬ್ಬ, ಕೇಳುವ ವೈದ್ಯ ಒಬ್ಬ. ಮೂರನೆಯವನು ಹಾಸಿಗೆಯ ಮೇಲೆ ಮಲಗಿರುವ ರೋಗಿ. ಅವನಿಗೆ ಆ ಲೆಕ್ಕದಲ್ಲಿ ಪಾಲಿಲ್ಲ. ಆದರೆ ನಷ್ಟದಲ್ಲಿ ಮೊದಲನೆಯ ಪಾಲು ಅವನದೇ. ಆದುದರಿಂದಲೇ ಇಂತಹ ವಿವಾದವನ್ನು ಯಾವ ರೀತಿಯಲ್ಲಿ ಮುಗಿಸಬೇಕೆಂಬುದು ವೈದ್ಯರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಮಕ್ಕಳುಮರಿಯುಳ್ಳ ಪ್ರತಿಯೊಂದು ಮನೆಗೂ ಸೇರಿದ್ದು.

ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿರುವ ಜಿಂಬಾಬ್ವೆ ದೇಶದಲ್ಲಿ 2019ನೆಯ ಇಸವಿಯಲ್ಲಿ ನಡೆದುದನ್ನು ಮೊದಲು ಹೇಳುವೆವು. ಆ ದೇಶದ ಹಣದ ಕಥೆ ತಿಳಿಯದೆ ವೈದ್ಯರ ಕಥೆ ತಿಳಿಯದು. 2008ರಲ್ಲಿ ಅಲ್ಲಿಯ ನಾಣ್ಯದ ಬೆಲೆ ಸಂಪೂರ್ಣವಾಗಿ ಕುಸಿದು, ಚೀಲ ತುಂಬ ನೋಟುಗಳಿದ್ದರೂ ಚೀಲ ತುಂಬ ಹಿಟ್ಟು ದೊರೆಯದಂತಾಗಿತ್ತು. 2009ರಲ್ಲಿ ಜನರು ತಮ್ಮ ನಾಣ್ಯವನ್ನು ಬಿಟ್ಟು ಅಮೆರಿಕದ ಡಾಲರು ಮೊದಲಾದ ಪರದೇಶದ ಹಣದಲ್ಲಿ ವ್ಯವಹರಿಸತೊಡಗಿದರು. ಸರಕಾರಿ ನೌಕರರ ಸಂಬಳವೂ ಡಾಲರಿನಲ್ಲಿ ಗೊತ್ತಾಯಿತು. 2016ರಲ್ಲಿ ಸರಕಾರವು ತನ್ನದೇ ಒಂದು ಬಗೆಯ ನೋಟನ್ನು ಹೊರಡಿಸಿ, ಇದೂ ಡಾಲರೂ ಸಮವೆಂದು ಸಾರಿತು. 2019ರ ಫೆಬ್ರವರಿಯಲ್ಲಿ ಆ ಸಮತೆಯನ್ನು ಕೈಬಿಟ್ಟಿತು. ಜೂನ್ ತಿಂಗಳಿನಲ್ಲಿ ಪರದೇಶದ ಹಣದ ವ್ಯವಹಾರವನ್ನೇ ನಿಷೇಧಿಸಿತು. ಸಂಬಳದ ಪಟ್ಟಿಯಲ್ಲಿ ಅಂಕೆಗಳೇನೋ ಇದ್ದವು. ಅವುಗಳೊಳಗಿನ ತಿರುಳು ಮಾತ್ರ ಹೋಗಿತ್ತು. ಆಸ್ಪತ್ರೆಯ ಕಿರಿಯ ವೈದ್ಯನೊಬ್ಬನಿಗೆ ತಿಂಗಳಿಗೆ ಬರುತ್ತಿದ್ದುದು ಅಮೆರಿಕದ 100 ಡಾಲರಿನಷ್ಟು, ಹಲವರಿಗೆ ಅದಕ್ಕೂ ಕಡಿಮೆ.

2019ರ ಸೆಪ್ಟೆಂಬರ್ 3ರಿಂದ ಈ ವೈದ್ಯರು ಆಸ್ಪತ್ರೆಗೆ ಬರುವುದನ್ನು ನಿಲ್ಲಿಸಿದರು. ಇದನ್ನು ಅವರು ಮುಷ್ಕರವೆಂದು ಕರೆಯಲಿಲ್ಲ. ತಮಗೆ 'ಕೈಲಾಗದ ಸ್ಥಿತಿ' ಬಂದಿದೆ ಎಂದರು. ಬಸ್ಸಿನ ಹಣ, ಮನೆಯ ಬಾಡಿಗೆ, ಹಿಟ್ಟಿನ ಬೆಲೆ ಇವುಗಳ ಮುಂದೆ ಈ ಸಂಬಳ ನಿಲ್ಲದು. ಕೆಲಸಕ್ಕೆ ಬರುವುದಕ್ಕೇ ನಮ್ಮಲ್ಲಿ ಹಣವಿಲ್ಲ ಎಂಬುದು ಅವರ ವಾದ. ಸಂಬಳವನ್ನು ಡಾಲರಿನ ಬೆಲೆಗೆ ಸರಿಹೊಂದಿಸಬೇಕೆಂಬುದು ಅವರ ಬೇಡಿಕೆ. ಅದರ ಜೊತೆಗೆ ಆಸ್ಪತ್ರೆಗಳಲ್ಲಿ ಔಷಧಗಳಿಲ್ಲ, ಕೈಚೀಲಗಳಿಲ್ಲ ಎಂಬ ದೂರೂ ಇತ್ತು. ಶಸ್ತ್ರವೈದ್ಯನಿಗೆ ಕೈಗೆ ತೊಡುವ ಆ ರಬ್ಬರಿನ ಚೀಲಗಳು ಅಕ್ಕಸಾಲಿಗೆ ಬೆಂಕಿಯಿದ್ದಂತೆ. ಅದಿಲ್ಲದೆ ಕೆಲಸವೇ ಮೊದಲಾಗದು. ನಮ್ಮ ಜನರು ವೈದ್ಯನ 'ಕೈಗುಣ'ವನ್ನು ಬಹಳವಾಗಿ ನಂಬುವರು. ಆ ಕೈಗೆ ತೊಡಲು ಚೀಲವಿಲ್ಲ, ಆ ಕೈಗೆ ಬೀಳುವ ಸಂಬಳಕ್ಕೆ ಬೆಲೆಯಿಲ್ಲ ಎಂದಾದರೆ ಗುಣವು ಎಷ್ಟು ದಿನ ಉಳಿದೀತು?

ಸರಕಾರವು ಶೇಕಡಾ 60ರಷ್ಟು ಹೆಚ್ಚಿಸಿ ಕೊಡುವೆವೆಂದಿತು. ಬೆಲೆಗಳು ಹತ್ತು ಹೆಜ್ಜೆ ಮುಂದೆ ಹೋಗಿರುವಾಗ ಸಂಬಳವು ಒಂದು ಹೆಜ್ಜೆಯಿಟ್ಟರೆ ಪ್ರಯೋಜನವೇನೆಂದು ವೈದ್ಯರು ಒಪ್ಪಲಿಲ್ಲ. ಸೆಪ್ಟೆಂಬರ್ 14ರಂದು ಅವರ ಸಂಘದ ಮುಖಂಡರಾದ ಪೀಟರ್ ಮಗೊಂಬೆಯಿಯವರು ಕಾಣೆಯಾದರು. ಐದು ದಿನಗಳ ಮೇಲೆ ರಾಜಧಾನಿಯಾದ ಹರಾರೆಯ ಹೊರಗೆ ಪತ್ತೆಯಾದರು. ಅವರನ್ನು ಅಪಹರಿಸಲಾಗಿತ್ತೆಂದು ವೈದ್ಯರು ಹೇಳಿದರು. ತನಗೆ ಅದರಲ್ಲಿ ಕೈಯಿಲ್ಲವೆಂದು ಸರಕಾರವು ಹೇಳಿತು. ಅಕ್ಟೋಬರಿನಲ್ಲಿ ಕಾರ್ಮಿಕ ನ್ಯಾಯಾಲಯವು ವೈದ್ಯರ ನಡತೆ ಕಾನೂನಿಗೆ ವಿರುದ್ಧವೆಂದು ತೀರ್ಮಾನಿಸಿ, 48 ಗಂಟೆಗಳೊಳಗೆ ಕೆಲಸಕ್ಕೆ ಹೋಗಬೇಕೆಂದು ಆಜ್ಞಾಪಿಸಿತು. ಅವರು ಹೋಗಲಿಲ್ಲ. ಸರಕಾರದ ಆರೋಗ್ಯ ಮಂಡಲಿಯು ವಿಚಾರಣೆಗಳನ್ನು ನಡೆಸಿ, ನವಂಬರ್ ತಿಂಗಳು ಮುಗಿಯುವಷ್ಟರಲ್ಲಿ 448 ಮಂದಿ ವೈದ್ಯರನ್ನು ಕೆಲಸದಿಂದ ತೆಗೆದುಹಾಕಿತು.

ಒಂದೂವರೆ ಕೋಟಿಯಷ್ಟು ಜನರಿರುವ ಒಂದು ಬಡದೇಶಕ್ಕೆ 448 ಮಂದಿ ವೈದ್ಯರೆಂದರೆ ಸಾಮಾನ್ಯವಲ್ಲ. ಇವರಲ್ಲಿ ಹೆಚ್ಚಿನವರು, ನಮ್ಮಲ್ಲಿ ಹೌಸ್ ಸರ್ಜನ್ ಎನ್ನಿಸಿಕೊಳ್ಳುವ ತರುಣರಂತೆ, ಆಸ್ಪತ್ರೆಯ ಕೈಕಾಲುಗಳಾಗಿದ್ದವರು. ಹಿರಿಯ ಶಸ್ತ್ರವೈದ್ಯನು ಎಷ್ಟೇ ನಿಪುಣನಾಗಿರಲಿ, ರೋಗಿಯನ್ನು ಸಿದ್ಧಪಡಿಸುವವರು, ಪಕ್ಕದಲ್ಲಿ ನಿಂತು ಸಹಾಯ ಮಾಡುವವರು, ರಾತ್ರಿಯೆಲ್ಲ ಎದ್ದಿದ್ದು ಗಾಯವನ್ನು ನೋಡಿಕೊಳ್ಳುವವರು ಇಲ್ಲದಿದ್ದರೆ ಅವನೊಬ್ಬನಿಂದ ಏನಾದೀತು? ದೊಡ್ಡ ಆಸ್ಪತ್ರೆಗಳು ಪ್ರಾಣಾಪಾಯದ ರೋಗಿಗಳನ್ನು ಮಾತ್ರ ನೋಡಿ, ಉಳಿದವರನ್ನು ಹಿಂದಕ್ಕೆ ಕಳುಹಿಸಿದವು. ಹಿಂದಕ್ಕೆ ಹೋದವರಿಗೆ ಬೇರೆ ಬಾಗಿಲು ಇರಲಿಲ್ಲ. ಖಾಸಗಿ ಆಸ್ಪತ್ರೆಯ ಬಾಗಿಲು ಹಣವುಳ್ಳವರಿಗೆ ಮಾತ್ರ ತೆರೆಯುವುದು. ವೈದ್ಯರು ಹೊರಗಾದ ಮೂರು ದಿನಗಳ ಮೇಲೆ, ಎಂದರೆ ಸೆಪ್ಟೆಂಬರ್ 6ರಂದು, ಆ ದೇಶವನ್ನು 37 ವರ್ಷ ಆಳಿದ ರಾಬರ್ಟ್ ಮುಗಾಬೆಯವರು ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ತೀರಿಕೊಂಡದ್ದು ತಮ್ಮ ದೇಶದ ಆಸ್ಪತ್ರೆಯಲ್ಲಲ್ಲ. ಸಮುದ್ರದಾಚೆಯ ಸಿಂಗಪುರದ ಆಸ್ಪತ್ರೆಯಲ್ಲಿ. ಆಳುವವರು ತಮ್ಮ ದೇಶದ ಆಸ್ಪತ್ರೆಯ ಮಂಚದ ಮೇಲೆ ಮಲಗುವ ಪದ್ಧತಿಯಿದ್ದಿದ್ದರೆ, ಅಲ್ಲಿ ಕೈಚೀಲಗಳಿಗೆ ಅಭಾವವಾಗುತ್ತಿತ್ತೇ ಎಂದು ನಾವು ಕೇಳಬಹುದಾಗಿದೆ.

ಆದರೂ ವೈದ್ಯರ ಪಕ್ಷವನ್ನೇ ಪೂರ್ತಿಯಾಗಿ ಹಿಡಿಯುವುದು ನಮಗೆ ಸಮ್ಮತವಲ್ಲ. ನೇಕಾರನು ಮಗ್ಗವನ್ನು ನಿಲ್ಲಿಸಿದರೆ ಸೀರೆ ಒಂದು ತಿಂಗಳು ತಡವಾದೀತು. ಶಸ್ತ್ರವೈದ್ಯನು ಕತ್ತಿಯನ್ನು ಕೆಳಗಿಟ್ಟರೆ ತಡವಾಗುವುದು ಸೀರೆಯಲ್ಲ. ಹೆರಿಗೆಯ ನೋವು ಸಂಧಾನ ಮುಗಿಯಲೆಂದು ಕಾಯದು. ಮುರಿದ ಮೂಳೆ ಸಂಬಳದ ಪಟ್ಟಿಯನ್ನು ನೋಡಿ ಕೂಡಿಕೊಳ್ಳದು. ಹಸಿದ ವೈದ್ಯನ ಹಸಿವು ನಿಜವಾದರೂ, ಅದಕ್ಕೆ ಬೆಲೆ ತೆರುವವಳು ಆ ಹಸಿವಿಗೆ ಕಾರಣಳಲ್ಲದ ಒಬ್ಬ ತಾಯಿ ಎಂಬುದು ಅಷ್ಟೇ ನಿಜ. 'ಬರಲಾರೆ' ಎಂದವರಲ್ಲಿ ಕೆಲವರು 'ಬರಲೊಲ್ಲೆ' ಎನ್ನುವವರೂ ಇದ್ದಿರಬಹುದು. ಒಂದೇ ಮಾತನ್ನು ನೂರಾರು ಜನ ಆಡಿದಾಗ ಎಲ್ಲರ ಮನಸ್ಸೂ ಒಂದೇ ಎಂದು ಹೇಳಲಾಗದು. ಆದರೆ ಅದನ್ನು ಬೇರ್ಪಡಿಸಿ ನೋಡುವುದಕ್ಕಾಗಿಯೇ ವಿಚಾರಣೆ ಎಂಬುದಿರುವುದು. ಗುಂಪಿನಲ್ಲಿ ಬಾರದವರನ್ನು ಗುಂಪಿನಲ್ಲಿಯೇ ತೆಗೆದುಹಾಕಿದರೆ ಅದು ಲೆಕ್ಕವಾದೀತೇ ಹೊರತು ನ್ಯಾಯವಾಗದು.

ವಜಾದ ಸುದ್ದಿ ಹಬ್ಬಿದ ಮೇಲೆ ಹಿರಿಯ ವೈದ್ಯರೂ ಕೆಲಸದಿಂದ ಹಿಂದೆ ಸರಿದರು. ತಮ್ಮ ಕಿರಿಯರನ್ನು ಯಾವ ನಿಬಂಧನೆಯೂ ಇಲ್ಲದೆ ಮರಳಿ ತೆಗೆದುಕೊಳ್ಳಬೇಕೆಂಬುದು ಅವರ ಬೇಡಿಕೆ. ಹೀಗೆ ಸಂಬಳದಲ್ಲಿ ಹುಟ್ಟಿದ ಜಗಳವು ಮರುನೇಮಕದ ಜಗಳವಾಗಿ ಬೆಳೆಯಿತು. ಇದು ಇಂತಹ ವಿವಾದಗಳ ಸ್ವಭಾವವೆಂದು ವಾಚಕರು ಗಮನಿಸಬೇಕು. ಶಿಕ್ಷೆಯು ಮೊದಲಿನ ಪ್ರಶ್ನೆಗೆ ಉತ್ತರವನ್ನು ಕೊಡುವುದಿಲ್ಲ. ಅದರ ಮೇಲೆ ಎರಡನೆಯದೊಂದು ಪ್ರಶ್ನೆಯನ್ನು ಹೇರುತ್ತದೆ, ಅಷ್ಟೆ. ರಾಷ್ಟ್ರಾಧ್ಯಕ್ಷರು 48 ಗಂಟೆಗಳ ಅವಕಾಶವನ್ನು ಕೊಟ್ಟು, ಅಷ್ಟರೊಳಗೆ ಬಂದವರಿಗೆ ಕ್ಷಮೆಯುಂಟೆಂದರು. ಬಂದವರು ಕೆಲವರೇ. ತಪ್ಪು ಮಾಡಿದೆವೆಂದು ಒಪ್ಪದವರಿಗೆ ಕ್ಷಮೆಯನ್ನು ನೀಡಹೋದರೆ ಅದು ಅವರಿಗೆ ಇನ್ನೊಂದು ಶಿಕ್ಷೆಯಂತೆ ತೋರುವುದು ಸಹಜ.

ಕೊನೆಗೆ ಬಾಗಿಲು ತೆರೆದುದು ಸರಕಾರದ ಬೊಕ್ಕಸದಿಂದಲ್ಲ. ಆ ದೇಶದಲ್ಲಿ ಹುಟ್ಟಿ ದೂರವಾಣಿಯ ವ್ಯಾಪಾರದಲ್ಲಿ ಐಶ್ವರ್ಯವಂತರಾದ ಸ್ಟ್ರೈವ್ ಮಸಿಯಿವಾ ಅವರ ಧರ್ಮಸಂಸ್ಥೆಯು 10 ಕೋಟಿ ಜಿಂಬಾಬ್ವೆ ಡಾಲರುಗಳ ನಿಧಿಯನ್ನು ಮುಂದಿಟ್ಟಿತು. ಸುಮಾರು 2000 ವೈದ್ಯರಿಗೆ ಆರು ತಿಂಗಳವರೆಗೆ, ತಿಂಗಳಿಗೆ ಅಮೆರಿಕದ 300 ಡಾಲರಿನಷ್ಟು ಜೀವನದ ವೆಚ್ಚವನ್ನು ಕೊಡುವ ಯೋಜನೆಯದು. 2020ರ ಜನವರಿಯಲ್ಲಿ, ನಾಲ್ಕು ತಿಂಗಳಿಗೂ ಮಿಕ್ಕಿದ ಕಾಲದ ಮೇಲೆ, ವೈದ್ಯರ ಸಂಘವು ಇದಕ್ಕೆ ಒಪ್ಪಿತು. ವಜಾ ಆದವರಿಗೆ ಮರಳುವ ದಾರಿಯಾಯಿತು.

ದಾನಿಯ ಔದಾರ್ಯವನ್ನು ನಾವು ಮನಸಾರೆ ಮೆಚ್ಚುವೆವು. ಅದರಿಂದ ಎಷ್ಟೋ ಮಂದಿ ರೋಗಿಗಳು ಬದುಕಿರಬೇಕು. ಆದರೆ ದಾನದಿಂದ ಸಂಬಳದ ಪ್ರಶ್ನೆ ತೀರಿತೆಂದು ಹೇಳಲಾಗದು. ಸಂಬಳವು ಋಣ; ದಾನವು ಕೃಪೆ. ಋಣವನ್ನು ತೀರಿಸಬೇಕಾದವನು ಸುಮ್ಮನಿದ್ದು, ದಾರಿಯಲ್ಲಿ ಹೋಗುವ ಪುಣ್ಯಾತ್ಮನೊಬ್ಬನು ಕೃಪೆಯಿಂದ ಕೊಟ್ಟರೆ ಹೊಟ್ಟೆ ತುಂಬೀತು, ಲೆಕ್ಕ ಮುಗಿಯದು. ಒಳಗೆ ಕೀವಿರುವಾಗ ಮೇಲೆ ಪಟ್ಟಿ ಕಟ್ಟಬಾರದೆಂಬುದು ಶಸ್ತ್ರವೈದ್ಯರಿಗೇ ಮೊದಲ ಪಾಠವಲ್ಲವೇ? ಆ ಪಟ್ಟಿಯ ಅವಧಿ ಆರು ತಿಂಗಳು. ಅದು ಮುಗಿಯುವ ಮೊದಲೇ, 2020ರ ಜೂನ್ ತಿಂಗಳಿನಲ್ಲಿ, ಅಲ್ಲಿಯ ದಾದಿಯರು ಸಂಬಳಕ್ಕಾಗಿ ಕೆಲಸ ನಿಲ್ಲಿಸಿದರು. ಬಳಿಕ ವೈದ್ಯರೂ ದಾದಿಯರೂ ದೇಶವನ್ನೇ ಬಿಟ್ಟು ಹೊರಟರು. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ, ವೈದ್ಯಕೀಯ ಸಿಬ್ಬಂದಿಯ ಕೊರತೆಯಿಂದ ಬಹಳವಾಗಿ ಬಳಲುತ್ತಿರುವ 55 ದೇಶಗಳ ಪಟ್ಟಿಯಲ್ಲಿ ಜಿಂಬಾಬ್ವೆಯನ್ನೂ ಸೇರಿಸಿತು. ಅದೇ ವರ್ಷ ಆ ದೇಶದಲ್ಲಿ ಜಾರಿಗೆ ಬಂದ ಶಾಸನವು ಆರೋಗ್ಯ ಸಿಬ್ಬಂದಿಯ ಮುಷ್ಕರವು 72 ಗಂಟೆಗಳನ್ನು ಮೀರಬಾರದೆಂದೂ, ಮೀರಿದರೆ ಮುಖಂಡರಿಗೆ ಆರು ತಿಂಗಳವರೆಗೆ ಸೆರೆವಾಸವೆಂದೂ ವಿಧಿಸಿತು. ಬರಲೊಲ್ಲೆನೆನ್ನುವುದನ್ನು ಶಾಸನವು ತಡೆಯಬಲ್ಲುದು. ಇರಲೊಲ್ಲೆನೆಂದು ಹಡಗನ್ನೋ ವಿಮಾನವನ್ನೋ ಹತ್ತುವವನನ್ನು ತಡೆಯುವುದು ಹೇಗೆ?

ಅದೇ ಖಂಡದ ಕೆನ್ಯಾ ದೇಶದಲ್ಲಿ ಇದಕ್ಕೆ ಎರಡು ವರ್ಷ ಮೊದಲು ನಡೆದುದು ಸ್ವಲ್ಪ ಭಿನ್ನವಾದುದು. 2013ರಲ್ಲಿ ಸರಕಾರವು ವೈದ್ಯರ ಸಂಘದೊಡನೆ ಸಂಬಳದ ಒಡಂಬಡಿಕೆಗೆ ಸಹಿ ಹಾಕಿ, ಅದನ್ನು ನಡೆಸಿಕೊಡದೆ ಹೋಯಿತು. 2016ರ ಡಿಸೆಂಬರ್ 5ರಂದು ವೈದ್ಯರು ಮುಷ್ಕರ ಹೂಡಿದರು. 2017ರ ಫೆಬ್ರವರಿಯಲ್ಲಿ ನ್ಯಾಯಾಲಯವು ಸಂಘದ ಏಳು ಮಂದಿ ಮುಖಂಡರಿಗೆ ಒಂದು ತಿಂಗಳ ಸೆರೆಯನ್ನು ವಿಧಿಸಿತು. ಎರಡೇ ದಿನಗಳಲ್ಲಿ ಮೇಲಿನ ನ್ಯಾಯಾಲಯವು ಅವರನ್ನು ಬಿಡಿಸಿ ಸಂಧಾನಕ್ಕೆ ಕೂರಿಸಿತು. ಕಂಬಿಯ ಹಿಂದೆ ಇರುವವರೊಡನೆ ಒಪ್ಪಂದ ಮಾಡಿಕೊಳ್ಳುವುದು ಹೇಗೆಂಬ ಸಾಮಾನ್ಯ ವಿವೇಕವಿದು. ಮಾರ್ಚ್ 14ರಂದು, ನೂರನೆಯ ದಿನಕ್ಕೆ, ಮುಷ್ಕರ ಮುಗಿಯಿತು. ಮರಳುವವರಿಗೆ ಕಿರುಕುಳ ಕೊಡಬಾರದೆಂಬ ಮಾತೂ ಒಪ್ಪಂದದಲ್ಲಿ ಸೇರಿತು. ನೂರು ದಿನಗಳ ಸಂಕಟವನ್ನು ಹೊಗಳುವಂತಿಲ್ಲ. ಆದರೆ ಸಂಬಳವನ್ನೂ ಮರುನೇಮಕವನ್ನೂ ಒಂದೇ ಕಾಗದದ ಮೇಲೆ ಬರೆದುದು ಸರಿಯಾದ ಕ್ರಮ.

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ಅಮಾನತು ಎಂಬ ಮಾತು ನಮ್ಮ ಕಚೇರಿಗಳಲ್ಲಿ ಬಹಳ ಬಳಕೆಯದು. ಸರಕಾರಿ ವೈದ್ಯರಿಗೂ ಅದು ಹೊರತಲ್ಲ. ಅಮಾನತು ಶಿಕ್ಷೆಯಲ್ಲವೆಂದು ಕಾನೂನು ಹೇಳುವುದು. ವಿಚಾರಣೆ ಮುಗಿಯುವವರೆಗೆ ಮನುಷ್ಯನನ್ನು ಪಕ್ಕದಲ್ಲಿ ಕೂರಿಸುವುದು ಮಾತ್ರ. ಆದುದರಿಂದ ಕೇಂದ್ರ ಸರಕಾರದ ನಿಯಮದಂತೆ ಅವನಿಗೆ ಮೊದಲು ಅರ್ಧ ಸಂಬಳದ ರಜೆಗೆ ಸಲ್ಲುವಷ್ಟು ಜೀವನಾಧಾರ ಭತ್ಯೆಯನ್ನು ಕೊಡಬೇಕು. ಮೂರು ತಿಂಗಳು ಕಳೆದರೂ ವಿಚಾರಣೆ ಮುಗಿಯದೆ, ತಡಕ್ಕೆ ಅವನು ಕಾರಣನಲ್ಲದಿದ್ದರೆ, ಅದನ್ನು ಹೆಚ್ಚಿಸಬಹುದು. ಮಹಾರಾಷ್ಟ್ರದ ಒಂದು ಹಳೆಯ ನಿಯಮವು ಶಿಕ್ಷೆಯಾಗಿ ಮೇಲ್ಮನವಿ ಸಲ್ಲಿಸಿದ್ದ ನೌಕರನಿಗೆ ತಿಂಗಳಿಗೆ ಒಂದೇ ರೂಪಾಯಿ ಭತ್ಯೆಯೆಂದಿತ್ತು. 1983ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಯಮವನ್ನು ರದ್ದುಮಾಡಿತು.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದ ತೀರ್ಪು ನಮ್ಮ ಕೋಲಾರದ ಚಿನ್ನದ ಗಣಿಯಿಂದಲೇ ಹುಟ್ಟಿತು. ಅಲ್ಲಿಯ ಕಾವಲಿನ ಅಧಿಕಾರಿಯೊಬ್ಬರ ಮೇಲೆ ಆಪಾದನೆ ಬಂದು 1985ರಲ್ಲಿ ಅಮಾನತಾಯಿತು. ಅವರು ಕೇರಳದ ತಮ್ಮ ಮನೆಯಲ್ಲಿದ್ದರು. ಜೀವನಾಧಾರ ಭತ್ಯೆ ಬರಲಿಲ್ಲ; ಗಣಿಯವರೆಗೆ ಬಂದು ವಿಚಾರಣೆಯಲ್ಲಿ ನಿಲ್ಲಲು ಹಣವಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. ಕ್ರಿಮಿನಲ್ ನ್ಯಾಯಾಲಯವು 1987ರಲ್ಲಿ ಅವರನ್ನು ನಿರ್ದೋಷಿಯೆಂದಿತು. ಆದರೂ 1999ರ ಮಾರ್ಚ್ ತಿಂಗಳಿನವರೆಗೆ ಅವರು ಕಾಯಬೇಕಾಯಿತು. ಆಗ ಸರ್ವೋಚ್ಚ ನ್ಯಾಯಾಲಯವು ಹೇಳಿದುದರ ಸಾರವಿದು: ಭತ್ಯೆಯನ್ನು ಕೊಡದೆ, ಹಣವಿಲ್ಲದೆ ಬರಲಾರದವನ ಬೆನ್ನ ಹಿಂದೆ ನಡೆಸಿದ ವಿಚಾರಣೆ ವಿಚಾರಣೆಯಲ್ಲ. ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡು, ಅಮಾನತಿನ ದಿನದಿಂದ ಬಾಕಿಯಾದ ಸಂಬಳವನ್ನೆಲ್ಲ ಕೊಡಬೇಕೆಂದು ಆಜ್ಞೆಯಾಯಿತು. ಆ ಗಣಿ 2001ರಲ್ಲಿ ಮುಚ್ಚಿತು. ಆ ತೀರ್ಪು ಮಾತ್ರ ಅಮಾನತಾದ ನೌಕರನಿಗೆ ಇಂದಿಗೂ ಆಸರೆಯಾಗಿದೆ. ಹರಾರೆಯ ವೈದ್ಯರು ಹೇಳಿದ ಮಾತೂ ಇದೇ ಅಲ್ಲವೇ? ಅವರು ಅಮಾನತಾದವರಲ್ಲ, ಕೆಲಸದಲ್ಲಿದ್ದವರು ಎಂಬುದು ದೊಡ್ಡ ವ್ಯತ್ಯಾಸವೇ ಸರಿ. ಆದರೆ ಬರುವ ಶಕ್ತಿಯನ್ನು ಕಿತ್ತುಕೊಂಡವನು ಬಾರದುದಕ್ಕಾಗಿ ದಂಡಿಸಬಾರದೆಂಬ ತತ್ತ್ವವು ಎರಡು ಕಡೆಯಲ್ಲಿಯೂ ಒಂದೇ.

ಹಾಗಾದರೆ ದಾರಿ ಯಾವುದು? ಆಸ್ಪತ್ರೆಯ ಕೆಲಸವು ಪ್ರಾಣರಕ್ಷಣೆಯ ಕೆಲಸವಾದುದರಿಂದ ಅಲ್ಲಿ ಮುಷ್ಕರಕ್ಕೆ ಮಿತಿಯಿರಬಹುದೆಂದು ಅಂತರ್ರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಒಪ್ಪುವುದು. ಆದರೆ ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳುವುದು: ಹಾಗೆ ಮಿತಿಯನ್ನು ಹಾಕುವವರು, ಪಕ್ಷಪಾತವಿಲ್ಲದೆ ಶೀಘ್ರವಾಗಿ ತೀರ್ಮಾನಿಸುವ ಪಂಚಾಯಿತಿಯನ್ನೂ ಒದಗಿಸಬೇಕು. ನಿಲ್ಲಿಸುವ ಹಕ್ಕನ್ನು ಕಿತ್ತುಕೊಂಡು ಕೇಳುವ ಕಿವಿಯನ್ನೂ ಕೊಡದಿದ್ದರೆ ಅದು ಶಿಸ್ತಲ್ಲ. ಆದುದರಿಂದ ವೈದ್ಯರನ್ನು ಮರಳಿ ಕರೆಯುವಾಗ ಸಂಬಳದ ತೀರ್ಮಾನವೂ ಶಿಕ್ಷೆಯ ತೀರ್ಮಾನವೂ ಜೊತೆಯಾಗಿಯೇ ಆಗಬೇಕು. ಬಂದವರ ಮೇಲೆ ವರ್ಗಾವಣೆಯ ರೂಪದಲ್ಲಿ ಸೇಡು ತೀರಿಸಿಕೊಳ್ಳಬಾರದು. ವೈದ್ಯರೂ ತಮ್ಮ ಕಡೆಯಿಂದ, ಮುಂದೆ ಎಂತಹ ವಿವಾದ ಬಂದರೂ ಹೆರಿಗೆ, ಅಪಘಾತ, ತುರ್ತು ಶಸ್ತ್ರಚಿಕಿತ್ಸೆ ಇವುಗಳನ್ನು ಬಿಡುವುದಿಲ್ಲವೆಂದು ಮಾತು ಕೊಡಬೇಕು. ಕಾಲವೂ ಮುಖ್ಯ. ಶಸ್ತ್ರವೈದ್ಯನ ವಿದ್ಯೆ ಪುಸ್ತಕದಲ್ಲಿರುವುದಕ್ಕಿಂತ ಬೆರಳಿನಲ್ಲಿರುವುದು ಹೆಚ್ಚು. ವರ್ಷಗಟ್ಟಲೆ ಮನೆಯಲ್ಲಿ ಕೂರಿಸಿದರೆ ವೀಣೆಯನ್ನು ಬಿಟ್ಟ ವೈಣಿಕನಂತೆ ಕೈ ಕೂರಲಾಗದೆ ಮಂದವಾಗುವುದು. ಆಗ ನಷ್ಟ ಅವನೊಬ್ಬನದಲ್ಲ.

ಇಷ್ಟನ್ನೆಲ್ಲ ಓದಿ, 'ಇದು ಸರಕಾರಗಳ ಮಾತು. ಮನೆವಾರ್ತೆ ನೋಡುವ ನಮಗೇನು?' ಎಂದು ಕೆಲವು ಸಹೋದರಿಯರು ಕೇಳಬಹುದು. ನಾವೂ ಒಂದೊಂದು ಮನೆಯ ಮಟ್ಟಿಗೆ ಸಂಬಳ ಕೊಡುವ ಧಣಿಗಳೇ ಆಗಿದ್ದೇವೆ. ಅಡುಗೆಯವರು, ಮುಸುರೆಯವರು, ಮುದುಕರನ್ನು ನೋಡಿಕೊಳ್ಳುವವರು ನಮ್ಮ ಬಾಗಿಲಿಗೆ ಬರುವರು. ತಿಂಗಳ ಹಣವನ್ನು ಹತ್ತು ದಿನ ತಡವಾಗಿ ಕೊಟ್ಟು, ಹನ್ನೊಂದನೆಯ ದಿನ ಅವಳು ಬಾರದಿದ್ದರೆ ಬೇರೆಯವಳನ್ನು ಗೊತ್ತುಮಾಡುವ ಮೊದಲು, ಬಸ್ಸಿನ ಹಣ ಅವಳ ಕೈಯಲ್ಲಿತ್ತೇ ಎಂದು ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೆಳೆಯಲಿ. ಆ ಅಭ್ಯಾಸವುಳ್ಳ ಮನೆಗಳಲ್ಲಿ ಬೆಳೆದ ಮಕ್ಕಳೇ ನಾಳೆ ಆಸ್ಪತ್ರೆಯ ಮಂಡಲಿಯಲ್ಲಿ ಕುಳಿತು ಅಮಾನತಿನ ಕಾಗದಕ್ಕೆ ಸಹಿ ಹಾಕುವವರು. ಸಹಿಗೆ ಮೊದಲು ಅವರು ಲೇಖನಿಯನ್ನು ಒಂದು ಕ್ಷಣ ನಿಲ್ಲಿಸಿ, ಇವನು ಬರಲಾರದವನೋ ಬರಲೊಲ್ಲದವನೋ ಎಂದು ವಿಚಾರಿಸುವಂತಾಗಲಿ ಎಂಬುದೇ ನಮ್ಮ ಹಾರೈಕೆ.